ರೀಡ್ ಎರರ್

ಪರದೆಯ ಮೇಲೆ ಬಂದದ್ದು ಇಷ್ಟೆ: ರೀಡ್ ಎರರ್.
ನನಗೆ ನಗು ಬಂತು.
ನಲವತ್ತು ವರ್ಷ ಮಣ್ಣಗುಡ್ಡೆಯ ಈ ಕೋಣೆಯಲ್ಲಿ
ಮಾಡಿದ್ದು ಅದನ್ನೇ ಅಲ್ಲವೆ,
ಹಾರ್ಮೋನಿಯಂ ಬಿಚ್ಚಿ ರೀಡಿನ ತಪ್ಪು ಹುಡುಕುವುದು,
ಹಿತ್ತಾಳೆಯ ನಾಲಿಗೆಯನ್ನು ಕೂದಲೆಳೆಯಷ್ಟು ಕೆರೆದು
ಇಳಿದ ಪಂಚಮವನ್ನು ಮೇಲಕ್ಕೆ ಕರೆಯುವುದು.

ಮೊನ್ನೆಯ ಸಿಡಿಲು ಮೀಟರ್ ಬೋರ್ಡಿಗೆ ಬಡಿದು
ಅಕ್ಕಿ ಡ್ರಮ್ಮಿನ ಪಕ್ಕದ ಸರ್ವರಿಗೂ ತಾಗಿತು.
ಸರ್ವರೆಂದರೆ ದೊಡ್ಡದೇನಲ್ಲ,
ಹಂಪನಕಟ್ಟೆಯಲ್ಲಿ ಬಾಗಿಲು ಹಾಕಿದ ಸೈಬರ್ ಕೆಫೆಯ
ಏಳನೇ ನಂಬರಿನ ಡಬ್ಬ.
ಸ್ಟಿಕ್ಕರು ಇನ್ನೂ ಅದರ ಹಣೆಯಲ್ಲುಂಟು.
ಬಂದ ಪ್ರತಿ ಪೆಟ್ಟಿಗೆಯ ಸ್ವರ ಅದರೊಳಗೆ:
ರಿಪೇರಿಗೆ ಮೊದಲು ಒಮ್ಮೆ, ನಂತರ ಒಮ್ಮೆ,
ಮಂದ್ರದ ಸಾದಿಂದ ತಾರದ ಸಾ ತನಕ.
ಹನ್ನೊಂದು ವರ್ಷದ ಉಸಿರು.

ಕುದ್ರೋಳಿಯಿಂದ ಮಿಸ್ರಿಯಾ ಬಂದಳು,
ಡ್ರೈವನ್ನು ಕಿವಿಗೆ ಹಿಡಿದಳು,
ನಾನು ತಿದಿಗೆ ಕಿವಿ ಕೊಡುವ ಹಾಗೆಯೇ.
ಟಿಕ್. ಟಿಕ್.
ಸ್ವಲ್ಪ ನಿಂತು, ಟಿಕ್.
ನಾನು ಸ್ಕ್ರೂಡ್ರೈವರ್ ಎತ್ತಿದೆ.
"ಮುಟ್ಟಬೇಡಿ ಅಂಕಲ್. ಮೊದಲು ನಕಲು ತೆಗೆಯುವುದು,
ಆಮೇಲೆ ನಕಲನ್ನು ಗುಣ ಮಾಡುವುದು."
ಎಂತ ವಿದ್ಯೆ ಮಾರಾಯ್ರೆ ಇದು!
ರೋಗಿಯನ್ನು ಮಲಗಿಸಿಟ್ಟು ನೆರಳಿಗೆ ಮದ್ದು ಅರೆಯುವುದು.

"ಕಾಪಿ ಇಟ್ಟಿರಲಿಲ್ಲವಾ?" ಎಲ್ಲರೂ ಕೇಳಿದರು,
ಹಾಲು ತರುವವನೂ ಕೇಳಿದ.
ಪೆಟ್ಟಿಗೆ ಕೊಡುವಾಗ ಹೆಚ್ಚಿನ ಎರಡು ರೀಡು
ಕಾಗದದಲ್ಲಿ ಸುತ್ತಿ ಒಳಗಿಟ್ಟೇ ಕೊಡುವವ ನಾನು.
ನನ್ನದಕ್ಕೆ ಇಟ್ಟಿರಲಿಲ್ಲ.

ಮೂರು ಹಗಲು, ಮೂರು ರಾತ್ರಿ ಓದಿತು.
ಸುಲಭದ ಕಡೆಯೆಲ್ಲ ಮೊದಲು ಮುಗಿಸಿ,
ಸಿಕ್ಕಿಕೊಂಡಲ್ಲಿ ದಾಟಿ,
ಮತ್ತೆ ಹಿಂದಿನಿಂದ ಬಂದು,
ಬಿಟ್ಟ ಜಾಗವನ್ನು ಇನ್ನೊಂದು ಬದಿಯಿಂದ ತಡವಿ.
ನನ್ನ ಅಜ್ಜಿ ಮೀನಿನ ಮುಳ್ಳು ಬಿಡಿಸುತ್ತಿದ್ದದ್ದು ಹೀಗೆ.
ಟೇಬಲ್ ಫ್ಯಾನು ಅದಕ್ಕೆ ಬಿಟ್ಟು ನಾನು ಜಗಲಿಯಲ್ಲಿ ಮಲಗಿದೆ.
ಸೊಳ್ಳೆಗಳ ಷಡ್ಜ ಮಾತ್ರ ಶುದ್ಧವಿತ್ತು.

"ಸಿಕ್ಕಿದೆ ಅಂಕಲ್, ಆದರೆ ಹೆಸರಿಲ್ಲ."
ಊರಿಲ್ಲ, ತಾರೀಕಿಲ್ಲ, ಅಂಕೆಗಳ ಉದ್ದ ಸಾಲು.
ಒಂದನ್ನು ಒತ್ತಿದೆ.
ಗಾಳಿ ಸೋರುವ ತಿದಿ, ಕೆಳಗಿನ ಗಾಂಧಾರದಲ್ಲಿ ಸಣ್ಣ ಕೆಮ್ಮು:
ಇದು ಬೋಳೂರಿನ ಭಜನಾ ಮಂದಿರದ್ದು, ಇಲಿ ಕಡಿದದ್ದು.
ಇದು ಕುಲಶೇಖರದ ಸಿಸಿಲಿಯಾ ಬಾಯಿಯದು,
ಮಗಳ ರೋಸಿನ ದಿನ ತೆಂಗಿನ ಹಾಲು ಬಿದ್ದದ್ದು.
ಇದು ಮೇಳದ್ದು, ರಾತ್ರಿಯಿಡೀ ಒಂದೇ ಕೀಲಿ ಒತ್ತಿ
ಅದೊಂದೇ ಸವೆದದ್ದು.
ಮಿಸ್ರಿಯಾ ಬರೆದುಕೊಳ್ಳುತ್ತಿದ್ದವಳು
ಬರೆಯುವುದು ಬಿಟ್ಟು ನನ್ನನ್ನೇ ನೋಡಿದಳು.

ನೂರ ಹದಿನಾಲ್ಕಕ್ಕೆ ಹೆಸರಿಟ್ಟ ಮೇಲೆ ಗೊತ್ತಾಯಿತು,
ಎಲ್ಲವೂ ಮೊದಲಿನವು.
ಕೆಮ್ಮು, ಸೀಳು, ಅಪಸ್ವರ.
'ನಂತರ' ಇದ್ದ ಕಡೆಯೇ ಹೋಗಿತ್ತು.
ನಾನು ಸರಿಮಾಡಿದ್ದು ಒಂದೂ ಇಲ್ಲ.
ಒಂದು ಮಾತ್ರ ಅರ್ಧ: ಸ ರಿ ಗ ಮ ಚಂದ ಬಂದು
ಪ ಇರಬೇಕಾದಲ್ಲಿ ಏನೂ ಇಲ್ಲ.
ಅರ್ಧ ದುಡ್ಡು ಸಾಕೆಂದಳು ಹುಡುಗಿ.
ಪೂರ್ತಿ ಕೊಟ್ಟೆ.

ಸಂಜೆ ಸ್ಕೂಟರಿನಲ್ಲಿ ಬೋಳೂರಿಗೆ ಹೋದೆ,
ಜೇಬಿನಲ್ಲಿ ರೆಕಾರ್ಡರು.
ದೂಮಪ್ಪ ಸಾಲಿಯಾನ್ರು ಬಟ್ಟೆ ಸರಿಸಿ ತಿದಿ ಎಳೆದರು.
ಕೆಳಗಿನ ಗಾಂಧಾರ ಕೆಮ್ಮಿತು.
"ಯಾವಾಗಿಂದ ಹೀಗೆ?"
"ನೀವು ಮಾಡಿಕೊಟ್ಟಂದಿನಿಂದ ಹೀಗೆಯೇ ಉಂಟಲ್ಲ.
ನಮಗೆ ಅಭ್ಯಾಸ ಆಗಿದೆ. ಭಜನೆ ನಿಂತದ್ದಿಲ್ಲ."

ಹಾಗಾದರೆ ಆ ನೂರ ಹದಿನಾಲ್ಕರಲ್ಲಿ
ಎಷ್ಟು ಮೊದಲಿನವು, ಎಷ್ಟು ನಂತರದವು,
ಈಗ ಯಾರನ್ನು ಕೇಳುವುದು.

ಗುಂಡಿ ಒತ್ತಿ ಪೂರ್ತಿ ಹಿಡಿದುಕೊಂಡೆ,
ಹೊರಗೆ ಯಾರೋ ಸ್ಟ್ಯಾಂಡ್ ಹಾಕಿದ ಸದ್ದು ಸಮೇತ.
ಮನೆಗೆ ಬಂದು ಹೆಸರು ಬರೆದೆ:
ಬೋಳೂರು, ಶುಕ್ರವಾರ, ದೂಮಪ್ಪರ ಕೈ.
ಎರಡು ಕಾಪಿ.
ಒಂದನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ
ಅಕ್ಕಿಯೊಳಗೆ ಹೂತಿಟ್ಟೆ.